ಹಠಾತ್ ಸಾವು ಹಠಾತ್ ಅಲ್ಲ: ಹಾಸನದ ಸುದ್ದಿಯೂ ನಮ್ಮ ಮನೆಯ ರಕ್ತನಾಳವೂ

ಜುಲೈ ತಿಂಗಳ ಮೊದಲ ಶುಕ್ರವಾರ ಜುಮಾ ಮುಗಿಸಿ ಹೊರಗೆ ಬರುವಾಗ ಬೋಳಾರದ ಮಸೀದಿ ಜಗಲಿಯಲ್ಲಿ ಒಂದೇ ಮಾತು. "ಉಸ್ತಾದ್, ಹಾಸನದಲ್ಲಿ ಜನ ಸಾಯುವುದು ಕೋವಿಡ್ ಲಸಿಕೆಯಿಂದ ಅಂತೆ, ಹೌದಾ?" ಮುಂದಿನ ಶುಕ್ರವಾರ ಪ್ರಶ್ನೆ ಬದಲಾಯಿತು. "ಇನ್ನು ಮನೆಯಲ್ಲಿ ಹಠಾತ್ ಸತ್ತರೆ ಮಯ್ಯಿತ್ತನ್ನು ಕೊಯ್ದೇ ಕೊಡುವುದಂತೆ, ಹೌದಾ?"

ಎರಡೂ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೂರನೆಯ ಒಂದು ಪ್ರಶ್ನೆ ಉಂಟು. ಅದನ್ನು ಆ ಎರಡು ಶುಕ್ರವಾರವೂ ಯಾರೂ ಕೇಳಲಿಲ್ಲ: "ನನ್ನ ಪ್ರೆಶರ್ ಎಷ್ಟಿರಬಹುದು?" ಕೇಳಿದವರಲ್ಲಿ ಆಟೋ ಓಡಿಸುವವರಿದ್ದರು, ಬಂದರಿನಲ್ಲಿ ಮೀನಿನ ಕೆಲಸದವರಿದ್ದರು, ರಜೆಯಲ್ಲಿ ದುಬೈಯಿಂದ ಬಂದವರಿದ್ದರು. ನಲವತ್ತು ದಾಟಿದ ಏಳೆಂಟು ಮಂದಿಯನ್ನು ನಾವೇ ತಿರುಗಿ ಕೇಳಿದೆವು. ಕಳೆದ ಒಂದು ವರ್ಷದಲ್ಲಿ ರಕ್ತದೊತ್ತಡ ನೋಡಿಸಿದವರು ಇಬ್ಬರೇ. ನಾವೂ ಆ ಇಬ್ಬರಲ್ಲಿ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ನಾವು ವೈದ್ಯರಲ್ಲ. ಆದರೂ ಜನ ಮದ್ರಸದ ಉಸ್ತಾದರ ಹತ್ತಿರ ಬಂದು ಕೇಳುತ್ತಾರೆ ಎಂದ ಮೇಲೆ ತಿಳಿದು ಉತ್ತರ ಕೊಡುವುದು ನಮ್ಮ ಜವಾಬ್ದಾರಿ. ಓದಿ, ವೈದ್ಯರಲ್ಲಿ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಾಸನದಲ್ಲಿ ಕಂಡದ್ದು

2025ರ ಮೇ ಕೊನೆಯಿಂದ ಸುಮಾರು ನಲವತ್ತು ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಇಡೀ ರಾಜ್ಯವನ್ನು ಅಲುಗಾಡಿಸಿತು. ಅದರಲ್ಲಿ ಯುವಕ ಯುವತಿಯರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆಯೇ ಸಾಲು ನಿಂತಿತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಲಸಿಕೆಯನ್ನು ಅವಸರದಲ್ಲಿ ಅನುಮೋದಿಸಿದ್ದೂ ಒಂದು ಕಾರಣ ಇರಬಹುದು ಎಂಬ ಸಂಶಯ ವ್ಯಕ್ತಪಡಿಸಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಅಷ್ಟು ಸಾಕಾಯಿತು.

ಲೆಕ್ಕ ಏನು ಹೇಳುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದೊಳಗಿನವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಹೆಚ್ಚಿಸಿದ್ದು ಬೇರೆ ಸಂಗತಿಗಳು: ಕೋವಿಡ್ ಬಂದು ಆಸ್ಪತ್ರೆಯಲ್ಲಿ ಮಲಗಿದ್ದದ್ದು, ಕುಟುಂಬದಲ್ಲಿ ಮೊದಲೇ ಹಠಾತ್ ಸಾವು ಆಗಿದ್ದದ್ದು, ಸಾವಿನ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದದ್ದು, ಮಾದಕ ವಸ್ತು ಬಳಸಿದ್ದು, ದೇಹವನ್ನು ವಿಪರೀತ ದಂಡಿಸಿದ್ದು.

ಹಾಸನದ ಸಾವುಗಳ ಬಗ್ಗೆ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಉಳಿದ 20ರ ಹಿಂದೆ ಯಾವುದೋ ಒಂದೇ ನಿಗೂಢ ಕಾರಣ ಸಿಗಲಿಲ್ಲ. ಸತ್ತವರಲ್ಲಿ ಆಟೋ, ಕ್ಯಾಬ್ ಚಾಲಕರ ಪಾಲು ಎದ್ದು ಕಾಣುವಷ್ಟಿತ್ತು. ಇದರ ಜೊತೆಗೆ, ಚಿಕ್ಕ ವಯಸ್ಸಿನಲ್ಲಿ ಹೃದ್ರೋಗ ಬಂದು ಜಯದೇವಕ್ಕೆ ದಾಖಲಾದ 251 ಮಂದಿಯ ವಿವರವನ್ನೂ ನೋಡಲಾಯಿತು. ಅವರಲ್ಲಿ 111 ಮಂದಿ ಧೂಮಪಾನಿಗಳು, 102 ಮಂದಿಗೆ ರಕ್ತದೊತ್ತಡ, 87 ಮಂದಿಗೆ ಸಕ್ಕರೆ ಕಾಯಿಲೆ.

ಈ ಮೂರು ಅಂಕಿ ನೋಡುವಾಗ ಹಾಸನ ದೂರದ ಊರು ಅಂತ ಅನಿಸುವುದಿಲ್ಲ. ಹೊಗೆ, ಪ್ರೆಶರ್, ಶುಗರ್. ಇವು ನಮ್ಮ ಮನೆ ಮನೆಯ ಹೆಸರುಗಳು.

ನಾಳದ ಗೋಡೆಯೊಳಗೆ

ರಕ್ತನಾಳದ ಕಾಯಿಲೆ ಎಂದರೆ ಹಳೆಯ ಪೈಪಿನಲ್ಲಿ ಕೆಸರು ಕಟ್ಟಿದ ಹಾಗೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಪೂರ್ತಿ ಸರಿಯಲ್ಲ. ಕೊಬ್ಬು ಕೂರುವುದು ನಾಳದ ತೂತಿನಲ್ಲಿ ಅಲ್ಲ, ಗೋಡೆಯ ಒಳಗೆ. ಚರ್ಮದಡಿಯಲ್ಲಿ ಕುರು ಏಳುತ್ತದಲ್ಲ, ಹಾಗೆ.

ಶುದ್ಧ ರಕ್ತ ಒಯ್ಯುವ ನಾಳಕ್ಕೆ, ಅಂದರೆ ಅಪಧಮನಿಗೆ, ಮೂರು ಪದರ. ಹೊರಗೆ ಗಟ್ಟಿ ಹೊದಿಕೆ, ನಡುವೆ ಸ್ನಾಯು, ಒಳಗೆ ರಕ್ತವನ್ನು ಮುಟ್ಟುವ ತೆಳು ಪೊರೆ. ಈ ಪೊರೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಆದರೆ ಕೆಲಸ ದೊಡ್ಡದು. ರಕ್ತ ಅಂಟದಂತೆ, ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅದು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಾನೇ ತಯಾರಿಸಿ ನಾಳವನ್ನು ಸಡಿಲಗೊಳಿಸುವುದೂ ಅದು. ಇದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು.

ಈ ಪೊರೆಗೆ ಪೆಟ್ಟು ಬೀಳುವುದು ನಾಲ್ಕು ಕಡೆಯಿಂದ. ರಕ್ತದೊತ್ತಡ ಹೆಚ್ಚಿದ್ದರೆ ರಕ್ತ ಹಗಲೂ ರಾತ್ರಿ ಗೋಡೆಗೆ ಜೋರಾಗಿ ಬಡಿಯುತ್ತದೆ. ಹೊಗೆಯ ವಿಷ ಪೊರೆಯ ಜೀವಕೋಶಗಳನ್ನು ನೇರವಾಗಿ ಕೆಡಿಸುತ್ತದೆ. ಹೆಚ್ಚಾದ ಸಕ್ಕರೆ ಗೋಡೆಯ ಪ್ರೋಟೀನಿಗೆ ಅಂಟಿ ಅದನ್ನು ಬಿರುಸು ಮಾಡುತ್ತದೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಜಾಸ್ತಿಯಾದರೆ ಗಾಯಗೊಂಡ ಜಾಗದಲ್ಲಿ ನುಸುಳಿ ಗೋಡೆಯೊಳಗೆ ಸೇರುತ್ತದೆ. ಅಲ್ಲಿ ಅದು ಹಳಸುತ್ತದೆ. ಹಳಸಿದ್ದನ್ನು ತಿಂದು ಮುಗಿಸಲು ಬಿಳಿ ರಕ್ತಕಣಗಳು ಬರುತ್ತವೆ. ತಿಂದು ತಿಂದು ಉಬ್ಬಿ ಅಲ್ಲೇ ಸಾಯುತ್ತವೆ. ಹೀಗೆ ಕೂಡಿದ ಮುದ್ದೆಗೆ ಅಥೆರೋಮ ಎಂದು ಹೆಸರು. ಗ್ರೀಕ್ ಭಾಷೆಯ ಆ ಪದದ ಮೂಲದಲ್ಲಿರುವುದು ಗಂಜಿ. ಬಿಚ್ಚಿ ನೋಡಿದವರಿಗೆ ಅದು ಹಾಗೆಯೇ ಕಂಡಿತ್ತು.

ಗಂಜಿಯ ಮೇಲೆ ದೇಹ ಒಂದು ನಾರಿನ ಮುಚ್ಚಳ ಕಟ್ಟುತ್ತದೆ. ಮುಚ್ಚಳ ಗಟ್ಟಿ ಇದ್ದರೆ ನಾಳ ನಿಧಾನಕ್ಕೆ ಕಿರಿದಾಗುತ್ತದೆ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ, ನಿಂತರೆ ಹೋಗುತ್ತದೆ. ಇದು ಎಚ್ಚರಿಕೆ ಕೊಟ್ಟು ಬರುವ ಕಾಯಿಲೆ. ಮುಚ್ಚಳ ತೆಳು ಇದ್ದರೆ ಒಂದು ದಿನ ಅದು ಒಡೆಯುತ್ತದೆ. ಒಳಗಿನ ಗಂಜಿ ರಕ್ತಕ್ಕೆ ತಾಗುತ್ತದೆ. ಗಾಯವಾಯಿತು ಎಂದು ತಿಳಿದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಕೆಲವೇ ನಿಮಿಷದಲ್ಲಿ ನಾಳ ಬಂದ್. ಅದು ಹೃದಯದ ನಾಳವಾದರೆ ಹೃದಯಾಘಾತ, ಮೆದುಳಿನದ್ದಾದರೆ ಪಾರ್ಶ್ವವಾಯು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಒಡೆಯುವ ಕುರು ಹೆಚ್ಚಾಗಿ ದೊಡ್ಡದಿರುವುದಿಲ್ಲ. ನಾಳವನ್ನು ಅರ್ಧವೂ ಮುಚ್ಚದ ಕುರು ಕೂಡ ಒಡೆದು ಪ್ರಾಣ ತೆಗೆಯಬಹುದು. "ಹೋದ ವಾರ ಇಸಿಜಿ ತೆಗೆಸಿದ್ದರು, ಎಲ್ಲ ನಾರ್ಮಲ್ ಇತ್ತು, ಆದರೂ ಹೋದರು" ಎಂದು ಜನ ಆಶ್ಚರ್ಯಪಡುವುದು ಇದಕ್ಕೇ. ಇಸಿಜಿ ಆ ಹೊತ್ತಿನ ಹೃದಯವನ್ನು ತೋರಿಸುತ್ತದೆ. ಗೋಡೆಯೊಳಗೆ ಇಪ್ಪತ್ತು ವರ್ಷದಿಂದ ಕೂಡಿದ್ದನ್ನು ತೋರಿಸುವುದಿಲ್ಲ.

ಇಪ್ಪತ್ತು ವರ್ಷ ಎಂಬುದು ಬಾಯಿಮಾತಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯವನ್ನು ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿ ಕೊಟ್ಟರು. ಸೈನಿಕರ ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ಹೃದಯದ ನಾಳಗಳಲ್ಲಿ ಕಾಯಿಲೆ ಆಗಲೇ ಶುರುವಾಗಿತ್ತು. ಓಡಿ ಹಾರಿ ಯುದ್ಧ ಮಾಡುತ್ತಿದ್ದ ಹುಡುಗರು ಅವರು. ನಲವತ್ತೈದರಲ್ಲಿ ಬಿದ್ದವನ ಕಾಯಿಲೆ ನಲವತ್ತೈದರಲ್ಲಿ ಹುಟ್ಟಿದ್ದಲ್ಲ.

ಹೃದಯ ಮಾತ್ರ ಅಲ್ಲ

ನಾಳ ದೇಹದ ಎಲ್ಲ ಕಡೆ ಇರುವುದರಿಂದ ಕಾಯಿಲೆಯೂ ಎಲ್ಲ ಕಡೆ. ನಮ್ಮ ಮನೆಗಳಲ್ಲಿ ಹೆಚ್ಚು ಕಾಣುವ, ಆದರೆ ಹೆಸರು ಹಿಡಿದು ಮಾತಾಡದ ಕೆಲವನ್ನು ಹೇಳಬೇಕು.

ಮೊದಲನೆಯದು ಕಾಲು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು ನೋವಾಗುವುದು, ನಿಂತರೆ ಬಿಡುವುದು. ಇದನ್ನು ವಾಯು ಎನ್ನುತ್ತೇವೆ, ಎಣ್ಣೆ ಹಚ್ಚುತ್ತೇವೆ. ಅದು ಕಾಲಿನ ಅಪಧಮನಿ ಕಿರಿದಾದ ಲಕ್ಷಣ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಇದರ ಜೊತೆ ನರವೂ ಸತ್ತು ನೋವೇ ಗೊತ್ತಾಗುವುದಿಲ್ಲ. ಚಪ್ಪಲಿ ಕಚ್ಚಿದ ಸಣ್ಣ ಗಾಯ ಕೊಳೆತು ಬೆರಳು, ಆಮೇಲೆ ಪಾದ ತೆಗೆಯುವ ತನಕ ಹೋಗುತ್ತದೆ. ಅಲ್ಲಾಹನು ನಮಗೆ ದಿನಕ್ಕೆ ಐದು ಸಲ ಕಾಲು ತೊಳೆಯುವ ವುಳೂ ಕೊಟ್ಟಿದ್ದಾನೆ. ಬೆರಳ ಸಂದಿಗೆ ನೀರು ಮುಟ್ಟಿಸುವ ಸುನ್ನತ್ ಉಂಟು. ಆ ಹೊತ್ತಿಗೆ ಕಣ್ಣನ್ನೂ ಅಲ್ಲಿಗೆ ಮುಟ್ಟಿಸಿ ಗಾಯ ಉಂಟಾ, ಬಣ್ಣ ಬದಲಾಗಿದೆಯಾ ನೋಡಿದರೆ ಎಷ್ಟೋ ಕಾಲು ಉಳಿಯುತ್ತದೆ. ನಮಾಝಿನ ನಂತರ ಬೆರಳ ಸಂದಿ ಒರೆಸಿ ಒಣಗಿಸುವುದೂ ಮುಖ್ಯ.

ಎರಡನೆಯದು ಬೀಡಿಯ ಕಾಲು. ಲಿಯೋ ಬ್ಯುರ್ಗರ್ ಎಂಬ ವೈದ್ಯ 1908ರಲ್ಲಿ ವಿವರಿಸಿದ ಒಂದು ಕಾಯಿಲೆ ಉಂಟು. ಬರುವುದು ಹೆಚ್ಚಾಗಿ ನಲವತ್ತೈದರೊಳಗಿನ ಗಂಡಸರಿಗೆ, ಅದೂ ತಂಬಾಕು ಸೇದುವವರಿಗೆ. ಕೈಕಾಲಿನ ಸಣ್ಣ ನಾಳಗಳು ಉರಿಯೂತದಿಂದ ಮುಚ್ಚಿಹೋಗಿ ಬೆರಳು ಕಪ್ಪಾಗುತ್ತದೆ. ಇದಕ್ಕೆ ಇರುವ ದೊಡ್ಡ ಮದ್ದು ತಂಬಾಕನ್ನು ಪೂರ್ತಿ ಬಿಡುವುದು. ಕಡಿಮೆ ಮಾಡಿದರೆ ಸಾಲದು. ಬೀಡಿ ಸಿಗರೇಟಿಗಿಂತ ಸಣ್ಣದು, ಹಾಗಾಗಿ ಅಪಾಯ ಕಡಿಮೆ ಎನ್ನುವುದು ಸುಳ್ಳು. ಬೀಡಿ ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ನಮ್ಮ ಎಷ್ಟೋ ಉಮ್ಮಂದಿರು ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು, ಹೆಣ್ಣುಮಕ್ಕಳ ನಿಕಾಹ್ ಮಾಡಿದರು. ಆ ಶ್ರಮಕ್ಕೆ ಅಗೌರವ ತೋರಿಸುವ ಮಾತು ಇದಲ್ಲ. ಆದರೆ ಅವರು ಕಟ್ಟಿದ ಬೀಡಿ ಅವರದೇ ಮಕ್ಕಳ ತುಟಿಗೆ ಹೋದದ್ದನ್ನೂ ನಾವು ನೋಡಿದ್ದೇವೆ.

ಮೂರನೆಯದು ಅಶುದ್ಧ ರಕ್ತ ಹಿಂದಕ್ಕೆ ತರುವ ಅಭಿಧಮನಿ. ಕಾಲಿನಿಂದ ಮೇಲೆ ಹೋಗುವ ರಕ್ತ ಕೆಳಗೆ ಇಳಿಯದಂತೆ ಅದರಲ್ಲಿ ಕವಾಟಗಳಿವೆ. ಗಂಟೆಗಟ್ಟಲೆ ನಿಲ್ಲುವವರಿಗೆ, ಹಲವು ಹೆರಿಗೆ ಆದವರಿಗೆ, ತೂಕ ಹೆಚ್ಚಿದ್ದವರಿಗೆ ಕವಾಟ ಸೋತು ನರ ನೀಲಿಯಾಗಿ ಗಂಟು ಗಂಟಾಗಿ ಉಬ್ಬುತ್ತದೆ. ಕಾಲು ಭಾರ, ಸಂಜೆಗೆ ಬಾವು, ಬಿಟ್ಟರೆ ಹರಡಿನ ಹತ್ತಿರ ಒಣಗದ ಹುಣ್ಣು. ನಮ್ಮ ಹೆಂಗಸರು ಇದನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡೇ ವರ್ಷಗಳನ್ನು ಕಳೆಯುತ್ತಾರೆ.

ಇನ್ನೂ ಅಪಾಯದ್ದು ಕಾಲಿನ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಹೆರಿಗೆಯ ನಂತರದ ಆರು ವಾರ ಇದರ ಭಯ ಜಾಸ್ತಿ. ನಾವು ನಲವತ್ತು ದಿನ ಬಾಣಂತಿಯನ್ನು ಮಲಗಿಸಿಯೇ ಇಡುವುದು ಅದೇ ಸಮಯದಲ್ಲಿ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಾಕಿ ಉಜ್ಜಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಣಂತಿಗೆ ವಿಶ್ರಾಂತಿ ಬೇಕು ನಿಜ. ಮನೆಯೊಳಗೆ ಎದ್ದು ನಡೆದಾಡುವುದೂ ಬೇಕು.

ನಮಗೆ ಯಾಕೆ ಬೇಗ?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಂಚೂಣಿಯವರು ಡಾ. ಸಲೀಂ ಯೂಸುಫ್. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೆನಡಾದಲ್ಲಿ ಕೆಲಸ ಮಾಡಿದವರು. ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲು ಒಂಬತ್ತೇ ಸಂಗತಿಗಳಿಂದ ಎಂದು ಅದು ತೋರಿಸಿತು: ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ವ್ಯಾಯಾಮ ಇಲ್ಲದಿರುವುದು, ಮದ್ಯದ ವಿಷಯ. ಮುಂದಿನ ವಿಶ್ಲೇಷಣೆಯಲ್ಲಿ ಇನ್ನೊಂದು ತಿಳಿಯಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವುದು ನಡುಸರಾಸರಿ 53ನೇ ವಯಸ್ಸಿನಲ್ಲಿ. ಬೇರೆ ಕಡೆಯವರಿಗೆ ಸುಮಾರು 59. ಆರು ವರ್ಷ ಮೊದಲೇ. ಕಾರಣ ನಮ್ಮ ರಕ್ತದಲ್ಲಿರುವ ಯಾವುದೋ ಶಾಪ ಅಲ್ಲ. ಈ ಒಂಬತ್ತು ಸಂಗತಿಗಳೇ ನಮ್ಮಲ್ಲಿ ಚಿಕ್ಕ ವಯಸ್ಸಿನಲ್ಲಿ ಶುರುವಾಗುತ್ತವೆ ಎಂಬುದೇ ಮುಖ್ಯ ಕಾರಣ.

ಈ ಪಟ್ಟಿಯಲ್ಲಿ ಮದ್ಯವನ್ನು ದೀನ್ ನಮ್ಮಿಂದ ದೂರ ಇಟ್ಟಿತು, ಅಲ್‌ಹಮ್ದುಲಿಲ್ಲಾಹ್. ಉಳಿದ ಎಂಟು? ಮದುವೆ ಸೀಸನ್ನಿನಲ್ಲಿ ವಾರಕ್ಕೆ ಮೂರು ಬಿರಿಯಾನಿ. ಇಫ್ತಾರಿಗೆ ಕರಿದದ್ದೇ ನಾಲ್ಕು ಬಗೆ. ಮಳೆಗಾಲದಲ್ಲಿ ಒಣಮೀನು, ಉಪ್ಪಿನಕಾಯಿ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಒಂದು ಹೊತ್ತಿನ ಊಟದಲ್ಲೇ ಅಷ್ಟು ಮುಗಿದಿರುತ್ತದೆ. ಆಟೋ ಚಾಲಕ ಬೆಳಗ್ಗೆ ಆರಕ್ಕೆ ಸೀಟಿನಲ್ಲಿ ಕೂತರೆ ಏಳುವುದು ರಾತ್ರಿ. ನಡುವೆ ಸಕ್ಕರೆ ಹಾಕಿದ ಆರು ಚಹಾ. ಕೊಲ್ಲಿಯಲ್ಲಿ ಒಂದು ಕೋಣೆಯಲ್ಲಿ ಆರು ಮಂದಿ ಮಲಗಿ, ಸಾಲದ ಲೆಕ್ಕ ಹಾಕುತ್ತ, ಅರ್ಧ ನಿದ್ದೆಯಲ್ಲಿ ಕೆಲಸಕ್ಕೆ ಹೋಗುವ ನಮ್ಮ ಹುಡುಗನ ಪ್ರೆಶರ್ ನೋಡುವವರು ಯಾರು? ರಾತ್ರಿ ಮಲಗಿದವನು ಬೆಳಗ್ಗೆ ಏಳಲಿಲ್ಲ ಎಂಬ ಫೋನ್ ಬಂದಾಗ ನಾವು ಇನ್ನಾಲಿಲ್ಲಾಹ್ ಹೇಳುತ್ತೇವೆ. ಅವನ ಅಜಲ್ ಅಷ್ಟೇ ಇತ್ತು ಎನ್ನುತ್ತೇವೆ.

ಅಜಲ್ ಸತ್ಯ. ಅದನ್ನು ಮುಂದೂಡಲು, ಹಿಂದೆ ಹಾಕಲು ಯಾರಿಂದಲೂ ಆಗದು. ಆದರೆ ಅಜಲ್ ಎಂಬ ಮಾತನ್ನು ನಾವು ಎಲ್ಲಿ ಬಳಸುತ್ತೇವೆ ಎಂದು ಯೋಚಿಸಬೇಕು. ಮೃತರ ಮನೆಯವರಿಗೆ ಸಮಾಧಾನ ಹೇಳುವಾಗ ಅದು ಈಮಾನಿನ ಮಾತು. ಬದುಕಿರುವಾಗ ಮಾತ್ರೆ ತಿನ್ನದಿರಲು ಅದನ್ನೇ ಹೇಳಿದರೆ ಅದು ಸೋಮಾರಿತನ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಬೇಕು ಎಂಬ ಹದೀಸನ್ನು ನಾವು ಮದ್ರಸದ ಸಣ್ಣ ಮಕ್ಕಳಿಗೆ ಕಲಿಸುತ್ತೇವೆ. ಮನೆಗೆ ಹೋಗಿ ನಾವೇ ಮರೆಯುತ್ತೇವೆ.

ಮಯ್ಯಿತ್ತಿನ ಪ್ರಶ್ನೆ

ಈಗ ಎರಡನೇ ಶುಕ್ರವಾರದ ಪ್ರಶ್ನೆಗೆ ಬರೋಣ. ಜುಲೈ 7ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರಕಾರಕ್ಕೆ ತಿಳಿಸಲೇಬೇಕಾದ ಪಟ್ಟಿಗೆ ಸೇರಿಸುವುದಾಗಿಯೂ, ಕಾರಣ ತಿಳಿಯಲು ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿಯೂ ಹೇಳಿದರು. ನಮ್ಮ ಮನೆಗಳಲ್ಲಿ ಇದು ಆತಂಕ ತಂದದ್ದು ಸಹಜ. ಮಯ್ಯಿತ್ತಿನ ಎಲುಬು ಮುರಿಯುವುದು ಜೀವಂತ ಇರುವವರ ಎಲುಬು ಮುರಿದಂತೆ ಎಂಬ ಅರ್ಥದ ಹದೀಸ್ ನಮಗೆ ಗೊತ್ತುಂಟು. ಬೇಗ ದಫನ ಮಾಡುವುದು ಸುನ್ನತ್. ಶವಾಗಾರದ ಮುಂದೆ ಕಾಯುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಆದರೆ ಇನ್ನೊಂದು ಕಡೆಯೂ ಉಂಟು. ಹಾಸನದ ವಿಷಯದಲ್ಲಿ ಇಷ್ಟು ಗಾಳಿಸುದ್ದಿ ಹಬ್ಬಿದ್ದಕ್ಕೆ ಒಂದು ಕಾರಣ, ಎಷ್ಟೋ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ಆಗದೆ ನಿಜ ಕಾರಣ ಖಚಿತವಾಗದೆ ಹೋದದ್ದು. ಮೇಲೆ ಹೇಳಿದ 22ರ ಸೈನಿಕರ ವಿಷಯ ಲೋಕಕ್ಕೆ ತಿಳಿದದ್ದೂ ಮೃತದೇಹಗಳ ಪರೀಕ್ಷೆಯಿಂದಲೇ. ತಂದೆಯ ಹಠಾತ್ ಸಾವಿನ ಕಾರಣ ವಂಶದಲ್ಲಿ ಬರುವ ಹೃದಯದ ಕಾಯಿಲೆ ಎಂದು ಗೊತ್ತಾದರೆ ಮಕ್ಕಳನ್ನು ಉಳಿಸಿಕೊಳ್ಳಬಹುದು.

ನಮ್ಮದೇ ಶಾಫಿಈ ಮದ್‌ಹಬಿನ ಒಬ್ಬ ಫಖೀಹರನ್ನು ಇಲ್ಲಿ ನೆನೆಯಬೇಕು. ಇಬ್ನು ನಫೀಸ್ ದಮಾಸ್ಕಸ್ಸಿನಲ್ಲಿ ವೈದ್ಯ ಕಲಿತು ಕೈರೋದಲ್ಲಿ ನೆಲೆಸಿ 1288ರಲ್ಲಿ ತೀರಿಕೊಂಡವರು. ರಕ್ತ ಹೃದಯದ ಬಲಭಾಗದಿಂದ ಎಡಭಾಗಕ್ಕೆ ನಡುಗೋಡೆಯ ತೂತಿನ ಮೂಲಕ ಹೋಗುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಸಾವಿರ ವರ್ಷ ಎಲ್ಲರೂ ನಂಬಿದ್ದರು. ಆ ಗೋಡೆಯಲ್ಲಿ ತೂತೇ ಇಲ್ಲ, ರಕ್ತ ಶ್ವಾಸಕೋಶಕ್ಕೆ ಹೋಗಿ ಮರಳುತ್ತದೆ ಎಂದು 1242ರಲ್ಲಿ ಬರೆದವರು ಇವರು. ಶರೀಅತ್ತೂ ತನ್ನೊಳಗಿನ ಕರುಣೆಯೂ ತನ್ನನ್ನು ದೇಹ ಕೊಯ್ಯುವುದರಿಂದ ತಡೆದವು ಎಂದೂ ಅವರೇ ಬರೆದಿದ್ದಾರೆ. ಅಂದರೆ ಮಯ್ಯಿತ್ತಿನ ಗೌರವ ಮತ್ತು ತಿಳಿಯುವ ಆಸೆ, ಈ ಎರಡರ ನಡುವಿನ ಬಿಗಿತ ಹೊಸದಲ್ಲ. ನಮ್ಮ ದೊಡ್ಡವರು ಎರಡನ್ನೂ ಒಟ್ಟಿಗೆ ಹೊತ್ತು ನಡೆದಿದ್ದಾರೆ.

ನಮ್ಮ ಕಾಲಕ್ಕೆ ಬಂದರೆ, ಮಕ್ಕದ ರಾಬಿತಾದ ಫಿಖ್ಹ್ ಅಕಾಡೆಮಿ 1987ರಲ್ಲಿ ಅಪರಾಧದ ತನಿಖೆ, ಕಾಯಿಲೆಯ ಪತ್ತೆ ಮತ್ತು ವೈದ್ಯಕೀಯ ಶಿಕ್ಷಣ ಈ ಮೂರು ಅಗತ್ಯಗಳಿಗೆ ಷರತ್ತಿನೊಂದಿಗೆ ಮರಣೋತ್ತರ ಪರೀಕ್ಷೆಯನ್ನು ಅನುಮತಿಸಿತು. ಭಿನ್ನಾಭಿಪ್ರಾಯ ಇರುವ ಉಲಮಾಗಳೂ ಇದ್ದಾರೆ. ಫತ್ವಾ ಕೊಡುವುದು ನಮ್ಮ ಸ್ಥಾನವಲ್ಲ, ಅದಕ್ಕೆ ಖಾಝಿಗಳಿದ್ದಾರೆ. ಆದರೆ ಜಮಾಅತ್‌ಗಳು ಸರಕಾರದ ಮುಂದೆ ಇಡಬಹುದಾದ ಬೇಡಿಕೆ ಸ್ಪಷ್ಟ. ಪರೀಕ್ಷೆ ರಾತ್ರಿಯೂ ಬೇಗ ಮುಗಿಯಲಿ. ಮಹಿಳೆಯರ ಮಯ್ಯಿತ್ತಿಗೆ ಮಹಿಳಾ ಸಿಬ್ಬಂದಿ ಇರಲಿ. ಮೊದಲೇ ಹೃದ್ರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ದಾಖಲೆ ಇದ್ದವರಿಗೆ ವಿನಾಯಿತಿ ಸಿಗಲಿ. ಸ್ಕ್ಯಾನ್ ಮೂಲಕ ತಿಳಿಯುವುದಾದರೆ ಅದಕ್ಕೆ ಮೊದಲ ಅವಕಾಶ ಕೊಡಲಿ. ಕೂಗಾಡುವುದಕ್ಕಿಂತ ಕೂತು ಮಾತಾಡಿದರೆ ಇವು ಸಿಗದ ಬೇಡಿಕೆಗಳಲ್ಲ.

ಮತ್ತೆ ಒಂದು ಮಾತು. ಮಯ್ಯಿತ್ತಿನ ಮೇಲೆ ಕತ್ತಿ ಬೀಳಬಾರದು ಎಂದು ಇಷ್ಟು ತಲ್ಲಣಿಸುವ ನಾವು, ಜೀವ ಇರುವಾಗ ಆ ತೋಳಿಗೆ ಪ್ರೆಶರ್ ಪಟ್ಟಿ ಕಟ್ಟಿಸಲು ಯಾಕೆ ತಲ್ಲಣಿಸುವುದಿಲ್ಲ?

ತಡ ಆಗುವುದು ಎಲ್ಲಿ

ಬೋಳಾರದಿಂದ ವೆನ್ಲಾಕ್ ಆಸ್ಪತ್ರೆಗೆ ಆಟೋದಲ್ಲಿ ಹೆಚ್ಚೆಂದರೆ ಕಾಲು ಗಂಟೆ. ಕಾಸರಗೋಡಿನಿಂದ, ಚಿಕ್ಕಮಗಳೂರಿನಿಂದ ಜನ ಹುಡುಕಿಕೊಂಡು ಬರುವ ಆಸ್ಪತ್ರೆಗಳು ನಮ್ಮ ಹಿತ್ತಲಲ್ಲೇ ಇವೆ. ಆದರೂ ನಮ್ಮವರು ತಡವಾಗಿ ತಲುಪುತ್ತಾರೆ. ನಮ್ಮ ಒಬ್ಬ ವಿದ್ಯಾರ್ಥಿಯ ಉಪ್ಪಾಗೆ ರಾತ್ರಿ ಹನ್ನೊಂದಕ್ಕೆ ಎದೆ ಉರಿ ಶುರುವಾಯಿತು. ಗ್ಯಾಸ್ ಎಂದು ಸೋಡಾ ಕೊಟ್ಟರು. ಆಮೇಲೆ ಜೀರಿಗೆ ನೀರು. ಬೆವರು ಇಳಿಯಿತು, ಎಡಗೈ ಸೆಳೆಯಿತು. ಸೌದಿಯಲ್ಲಿದ್ದ ತಮ್ಮನಿಗೆ ಫೋನ್ ಮಾಡಿ ಯಾವ ಆಸ್ಪತ್ರೆ ಎಂದು ಕೇಳಿದರು. ಸುಬ್‌ಹಿ ಬಾಂಗಿನ ಹೊತ್ತಿಗೆ ಹೊರಟರು. ಮನೆಯಿಂದ ಆಸ್ಪತ್ರೆಗೆ ಹದಿನೈದು ನಿಮಿಷ. ಸೋಫಾದಿಂದ ಬಾಗಿಲಿಗೆ ಆರು ಗಂಟೆ. ಅವರು ಉಳಿದರು, ಆದರೆ ಹೃದಯದ ಒಂದು ಭಾಗ ಸತ್ತೇ ಹೋಗಿತ್ತು. ಈಗ ಮೊದಲಿನ ಕೆಲಸ ಮಾಡಲು ಆಗುವುದಿಲ್ಲ. ಹುಡುಗ ಕಾಲೇಜು ಬಿಟ್ಟು ಅಂಗಡಿಗೆ ಸೇರಿದ.

ನಾಳ ಮುಚ್ಚಿದ ಮೇಲೆ ಹೃದಯದ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಮೂರು ಗಂಟೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೆದುಳಿನದ್ದಾದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಒಂದು ಬದಿಗೆ ಎಳೆದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಊದಿಸುವುದು, ನೀರು ಮಂತ್ರಿಸುವುದು ಆಮೇಲೆ. ಮೊದಲು ವಾಹನ ಹತ್ತಿಸಿ. ದುಆ ದಾರಿಯಲ್ಲೂ ಮಾಡಬಹುದು. ಹೆಂಗಸರಲ್ಲಿ ಎದೆನೋವಿನ ಬದಲು ಬರೀ ಸುಸ್ತು, ಉಸಿರುಗಟ್ಟುವುದು, ಬೆನ್ನು ದವಡೆ ನೋವು, ವಾಂತಿ ಕಾಣಬಹುದು. "ಉಮ್ಮಾಗೆ ಸುಸ್ತಂತೆ" ಎಂದು ಬಿಡಬೇಡಿ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸರಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಬೇಕಾದರೆ ಆ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡುತ್ತಾರೆ. ನಮ್ಮ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಿಂದಲೇ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪಿನಲ್ಲೇ ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದರು. ಅದೇ ವಾಟ್ಸ್‌ಆ್ಯಪನ್ನು ನಾವು ಲಸಿಕೆಯ ಗಾಳಿಸುದ್ದಿ ಹಂಚಲು ಬಳಸಿದೆವು.

ಜಮಾಅತ್ ಮಾಡಬಹುದಾದದ್ದು

ದೊಡ್ಡ ಯೋಜನೆ ಬೇಡ. ಮೂವತ್ತು ದಾಟಿದ ಎಲ್ಲರೂ ವರ್ಷಕ್ಕೆ ಒಮ್ಮೆ ಪ್ರೆಶರ್, ಶುಗರ್ ನೋಡಿಸಬೇಕು. ಕುಟುಂಬದಲ್ಲಿ ಹಠಾತ್ ಸಾವು ಆಗಿದ್ದರೆ ಕೊಲೆಸ್ಟರಾಲ್ ಕೂಡ. 140/90 ದಾಟಿ ನಿಂತರೆ ಅದು ಕಾಯಿಲೆಯೇ, ತಲೆನೋವು ಬರಲಿ ಬಾರದಿರಲಿ. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಹತ್ತು ಕೋಟಿ ದಾಟಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಹೇಳುತ್ತದೆ. ಅದು ಮೊದಲಿಗೆ ಯಾವ ಲಕ್ಷಣವೂ ಇಲ್ಲದೆ ಬರುತ್ತದೆ. ಸರಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದಾಗ "ನಮಗೇನೂ ಇಲ್ಲ" ಎಂದು ಕಳುಹಿಸಬೇಡಿ.

ಮಾತ್ರೆ ಶುರು ಮಾಡಿದ ಮೇಲೆ ಪ್ರೆಶರ್ ಸರಿಯಾಯಿತೆಂದು ನಿಲ್ಲಿಸಬೇಡಿ. ಸರಿಯಾದದ್ದು ಮಾತ್ರೆಯಿಂದ. ರಂಝಾನಿಗೆ ಒಂದು ತಿಂಗಳ ಮೊದಲು ವೈದ್ಯರನ್ನು ಕಂಡು ಸಹ್ರಿ, ಇಫ್ತಾರಿಗೆ ಹೊಂದುವಂತೆ ಮಾತ್ರೆಯ ಹೊತ್ತು ಬದಲಿಸಿಕೊಳ್ಳಿ. ಉಪವಾಸ ಬೇಡ ಎಂದು ವೈದ್ಯರು ಹೇಳಿದರೆ ರೋಗಿಗೆ ಶರೀಅತ್ ಕೊಟ್ಟ ರಿಯಾಯಿತಿ ಉಂಟು. ಅದೂ ಅಲ್ಲಾಹನ ಕರುಣೆಯೇ.

ಪ್ರತಿ ಮಸೀದಿಯಲ್ಲಿ ಒಂದು ಪ್ರೆಶರ್ ಯಂತ್ರ ಇಡುವುದಕ್ಕೆ ಒಂದು ಬಿರಿಯಾನಿ ಕೂಟದ ಹತ್ತನೇ ಒಂದು ಪಾಲು ಹಣವೂ ಬೇಡ. ಹುಡುಗರಿಗೆ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ತರಬೇತಿ ಕೊಡಿಸಬಹುದು. ಅದರಲ್ಲಿ ಎದೆಯ ನಡುವೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುವುದನ್ನು ಕಲಿಸುತ್ತಾರೆ. ಸಂಘಟನೆಗಳು ನಡೆಸುವ ರಕ್ತದಾನ ಶಿಬಿರದಲ್ಲಿ ನಮ್ಮ ಹುಡುಗರು ಮುಂದೆ ಇದ್ದಾರೆ, ಅದು ನಮಗೆ ಹೆಮ್ಮೆ. ಇನ್ನೊಬ್ಬರಿಗೆ ರಕ್ತ ಕೊಡುವ ಹುಡುಗ ತನ್ನ ಉಪ್ಪಾನ ರಕ್ತನಾಳದ ಕಡೆಗೂ ಒಮ್ಮೆ ನೋಡಲಿ.

ಮೊನ್ನೆ ನಾವೂ ಹೋಗಿ ನೋಡಿಸಿದೆವು. 150/96. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಇನ್ನೆರಡು ಸಲ ಬೇರೆ ಬೇರೆ ದಿನ ನೋಡಿ ವೈದ್ಯರು ಮಾತ್ರೆ ಬರೆದರು. ಮನೆಯಲ್ಲಿ ಉಪ್ಪಿನಕಾಯಿ ಭರಣಿ ಮೇಲಿನ ಅಟ್ಟಕ್ಕೆ ಹೋಗಿದೆ. ಬರುವ ಶುಕ್ರವಾರ ಜುಮಾ ಬಿಟ್ಟ ಮೇಲೆ ಮಸೀದಿ ಜಗಲಿಯಲ್ಲಿ ಒಂದು ಮೇಜು, ಒಂದು ಯಂತ್ರ, ಕಲಿತ ಇಬ್ಬರು ಹುಡುಗರು ಇರುತ್ತಾರೆ. ಪ್ರಶ್ನೆ ಕೇಳುವವರು ಅಲ್ಲಿ ಮೊದಲು ತೋಳು ಕೊಟ್ಟು ಆಮೇಲೆ ಕೇಳಲಿ.